ಇಲಿಯ ಮೆದುಳಿನ ನೀರುಗಂಟಿಗಳು: ತಡೆಯುವ ನರಕೋಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಕಡೆಯವನು. ಮೈಸೂರಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೆದುಳಿನ ಬಗ್ಗೆ ಮಾತಾಡೋಕೆ ಕಾಲೇಜುಗಳಿಗೆ, ಹಳ್ಳಿ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ಮಕ್ಕಳು ಮತ್ತು ದೊಡ್ಡವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಓದುವಾಗ ಈ ವಿಷಯಕ್ಕೆ ಪುಸ್ತಕದಲ್ಲಿ ಒಂದೇ ಸಾಲು ಇತ್ತು. ಆ ಸಾಲಿನ ಹಿಂದೆ ಎಷ್ಟು ಇದೆ ಅಂತ ಗೊತ್ತಾದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ತಡೆಯುವ ನರಕೋಶ ಅಂದರೆ ಏನು?

ನರಕೋಶದ ಕೆಲಸ ಮಿಡಿಯುವುದು. ಒಂದು ಕೋಶ ಮಿಡಿದರೆ ಅದರ ತುದಿಯಲ್ಲಿ ಒಂದಿಷ್ಟು ರಾಸಾಯನಿಕ ಹೊರಗೆ ಬರುತ್ತದೆ. ಅದು ಪಕ್ಕದ ಕೋಶವನ್ನು ಮುಟ್ಟುತ್ತದೆ. ಆ ರಾಸಾಯನಿಕ ಗ್ಲುಟಮೇಟ್ ಆಗಿದ್ದರೆ ಪಕ್ಕದ ಕೋಶ ತಾನೂ ಮಿಡಿಯಲು ಹೊರಡುತ್ತದೆ. ಗಾಬಾ ಆಗಿದ್ದರೆ ಆ ಕೋಶದ ಗೋಡೆಯಲ್ಲಿ ಸಣ್ಣ ಬಾಗಿಲುಗಳು ತೆರೆದು ಕ್ಲೋರೈಡ್ ಒಳಗೆ ನುಗ್ಗುತ್ತದೆ. ಮಿಡಿಯೋಕೆ ಹೊರಟಿದ್ದ ಕೋಶ ತಣ್ಣಗಾಗುತ್ತದೆ. ಹೀಗೆ ಗಾಬಾ ಬಿಡುವ ಕೋಶಗಳೇ ತಡೆಯುವ ನರಕೋಶಗಳು.

ಮೆದುಳಿನಲ್ಲಿ ಗಾಬಾ ಇದೆ ಎಂದು 1950ರಲ್ಲಿ ತೋರಿಸಿದವರಲ್ಲಿ ಯೂಜೀನ್ ರಾಬರ್ಟ್ಸ್ ಒಬ್ಬರು. ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ ಇನ್ನೊಂದಿದೆ. ಗಾಬಾ ತಯಾರಾಗುವುದು ಗ್ಲುಟಮೇಟ್‌ನಿಂದಲೇ. ಒಂದೇ ಒಂದು ಕಿಣ್ವ, ಒಂದೇ ಹೆಜ್ಜೆ. ಕೆರಳಿಸುವ ವಸ್ತು ತಣಿಸುವ ವಸ್ತುವಾಗಿಬಿಡುತ್ತದೆ.

ನಮ್ಮೂರಿನವರಿಗೆ ಹೇಳುವಾಗ ನಾನು ನೀರುಗಂಟಿಯ ಹೆಸರು ತೆಗೆಯುತ್ತೇನೆ. ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟರು ಅಂತ ಇಟ್ಟುಕೊಳ್ಳಿ. ನೀರು ಬಂದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಯಾವ ತೂಬು ಯಾವಾಗ ಮುಚ್ಚಬೇಕು, ಯಾವ ಗದ್ದೆಗೆ ಎಷ್ಟು ಸಾಕು ಅಂತ ನೋಡುವ ಮನುಷ್ಯ ಬೇಕು. ಅವನಿಲ್ಲದಿದ್ದರೆ ಮೊದಲ ಗದ್ದೆ ತುಂಬಿ ಬದು ಒಡೆಯುತ್ತದೆ, ನಾಲೆಯ ಕೊನೆಯ ಗದ್ದೆ ಒಣಗುತ್ತದೆ. ಮೆದುಳಿಗೂ ಅಂಥ ನೀರುಗಂಟಿಗಳು ಬೇಕು.

ಇವು ಎಷ್ಟಿವೆ?

ಇಲಿಯ ಮೆದುಳಿನ ಹೊರಪದರದಲ್ಲಿ, ಅಂದರೆ ಕಾರ್ಟೆಕ್ಸ್‌ನಲ್ಲಿ, 100 ನರಕೋಶ ತೆಗೆದುಕೊಂಡರೆ ಸುಮಾರು 80ರಿಂದ 85 ಕೆರಳಿಸುವವು. ಉಳಿದ 15ರಿಂದ 20 ತಡೆಯುವವು. ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಒಬ್ಬ ನೀರುಗಂಟಿ ಎಷ್ಟು ಗದ್ದೆ ನೋಡಿಕೊಳ್ಳುತ್ತಾನೆ ಅಂತ ಯೋಚಿಸಿ. ಒಂದು ತಡೆಯುವ ಕೋಶ ತನ್ನ ಸುತ್ತಮುತ್ತಲಿನ ನೂರಾರು ಕೋಶಗಳಿಗೆ ಕೈ ಚಾಚಿರುತ್ತದೆ.

ಇಲಿನೇ ಯಾಕೆ? ಮನುಷ್ಯರದನ್ನೇ ನೋಡಬಹುದಲ್ವಾ?

ಬದುಕಿರುವ ಮನುಷ್ಯನ ಮೆದುಳಿನಲ್ಲಿ ಒಂದೊಂದೇ ನರಕೋಶದ ಮಾತು ಕೇಳುವ ಅವಕಾಶ ಬಹಳ ಅಪರೂಪ. ಚಿಟ್ಟಿಲಿಯಲ್ಲಿ ಅದು ಸಾಧ್ಯ. ಚಿಟ್ಟಿಲಿಯ ಇಡೀ ಮೆದುಳಿನಲ್ಲಿ ಸುಮಾರು 7 ಕೋಟಿ ನರಕೋಶಗಳು. ದೊಡ್ಡ ಇಲಿಯಲ್ಲಿ ಸುಮಾರು 20 ಕೋಟಿ. ನಮ್ಮಲ್ಲಿ 8,600 ಕೋಟಿಯ ಹತ್ತಿರ. ಅಳತೆ ಬೇರೆ, ಆದರೆ ಗಾಬಾ ಅದೇ, ಥಲಾಮಸ್‌ನಿಂದ (ಇಂದ್ರಿಯಗಳ ಸುದ್ದಿಯನ್ನು ದಾಟಿಸುವ ಮೆದುಳಿನ ಒಳಭಾಗ) ಕಾರ್ಟೆಕ್ಸ್‌ಗೆ ಹೋಗುವ ದಾರಿ ಅದೇ, ತಡೆಯುವ ಕೋಶಗಳ ಮುಖ್ಯ ಬಗೆಗಳೂ ಹೆಚ್ಚುಕಡಿಮೆ ಅವೇ.

ನಮ್ಮ ಕಬ್ಬಿನ ಗದ್ದೆ ಹೆಗ್ಗಣಾನೂ ಪ್ರಯೋಗಶಾಲೆ ಇಲೀನೂ ಒಂದೇನಾ?

ಬೇರೆ ಬೇರೆ. ಪ್ರಯೋಗಶಾಲೆಯಲ್ಲಿ ಹೆಚ್ಚಾಗಿ ಇರುವುದು ಮನೆಯ ಚಿಟ್ಟಿಲಿಯ ವಂಶದ್ದು, ತಲೆಮಾರುಗಳಿಂದ ಅಲ್ಲೇ ಸಾಕಿದ್ದು. ಇನ್ನೊಂದು ಕಂದು ಇಲಿಯ ವಂಶದ್ದು. ಕಬ್ಬು, ಭತ್ತ ಕಡಿದು ಬಿಲ ತೋಡುವ ಹೆಗ್ಗಣ ಬೇರೆ ಜಾತಿ. ಆದರೂ ರಾತ್ರಿ ಗದ್ದೆ ಬದುವಿನ ಮೇಲೆ ಓಡುವಾಗ ಅದೂ ಮೀಸೆಯನ್ನೇ ನೆಚ್ಚಿಕೊಂಡಿರುತ್ತದೆ.

ಇಲಿ ಮೀಸೆಗೂ ಮೆದುಳಿಗೂ ಏನು ಸಂಬಂಧ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

ಕತ್ತಲಲ್ಲಿ ಬೆರಳಿಂದ ಗೋಡೆ ಸವರುತ್ತಾ ಸ್ವಿಚ್ಚು ಹುಡುಕುತ್ತೀರಲ್ಲ, ಇಲಿ ಆ ಕೆಲಸ ಮೀಸೆಯಿಂದ ಮಾಡುತ್ತದೆ. ಮೀಸೆಯನ್ನು ಸೆಕೆಂಡಿಗೆ ಹತ್ತು ಸಲದ ಆಸುಪಾಸು ಮುಂದಕ್ಕೂ ಹಿಂದಕ್ಕೂ ಬೀಸುತ್ತದೆ. ಮೂತಿಯ ಒಂದೊಂದು ಬದಿಯಲ್ಲೂ ದೊಡ್ಡ ಮೀಸೆಗಳು ಐದು ಸಾಲಾಗಿ ನಿಂತಿರುತ್ತವೆ, ನಾಟಿ ಹಾಕಿದ ಪೈರಿನ ಹಾಗೆ.

1970ರಲ್ಲಿ ಥಾಮಸ್ ವೂಲ್ಸಿ ಮತ್ತು ಹೆಂಡ್ರಿಕ್ ವ್ಯಾನ್ ಡರ್ ಲೂಸ್ ಎಂಬ ಇಬ್ಬರು ಚಿಟ್ಟಿಲಿಯ ಕಾರ್ಟೆಕ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಾಲ್ಕನೆಯ ಪದರದಲ್ಲಿ ಕೋಶಗಳು ಪೀಪಾಯಿಗಳ ಆಕಾರದಲ್ಲಿ ಗುಂಪು ಕಟ್ಟಿದ್ದವು. ಅವೂ ಐದು ಸಾಲು! ಒಂದು ಮೀಸೆಗೆ ಒಂದು ಪೀಪಾಯಿ. ಎಡಗಡೆ ಮೀಸೆಯದು ಬಲಗಡೆ ಮೆದುಳಿನಲ್ಲಿ, ಬಲಗಡೆಯದು ಎಡದಲ್ಲಿ. ಮೂತಿಯ ಮೇಲಿನ ನಕ್ಷೆ ಮೆದುಳಿನಲ್ಲಿ ಅಚ್ಚಾಗಿ ಕೂತಿತ್ತು. ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ ಮೀಸೆಯ ಒಂದು ಸಾಲು ಹಾಳಾದರೆ ಆ ಸಾಲಿನ ಪೀಪಾಯಿಗಳೂ ಸರಿಯಾಗಿ ಮೂಡುವುದಿಲ್ಲ ಎಂದು ಅವರೇ ಆಮೇಲೆ ತೋರಿಸಿದರು.

ತಡೆಯುವ ಕೋಶಗಳು ಎಲ್ಲಿ ಬಂದವು ಅಂತೀರಾ? ಒಂದು ಮೀಸೆ ಗೋಡೆಗೆ ತಾಗಿದಾಗ ಅದರ ಪೀಪಾಯಿ ಜೋರಾಗಿ ಮಿಡಿಯಬೇಕು, ಪಕ್ಕದ್ದು ಅಷ್ಟು ಮಿಡಿಯಬಾರದು. ಇಲ್ಲದಿದ್ದರೆ ಯಾವ ಮೀಸೆ ತಾಗಿತು ಅಂತ ಗೊತ್ತಾಗುವುದು ಹೇಗೆ? ಪಕ್ಕದ ಮೀಸೆಯನ್ನು ಕೆಲವೇ ಮಿಲಿಸೆಕೆಂಡು ಮೊದಲು ಅಲುಗಿಸಿದರೆ ಮುಖ್ಯ ಮೀಸೆಗೆ ಬರುವ ಮಿಡಿತ ಕುಗ್ಗುತ್ತದೆ. ಗಾಬಾ ಕೆಲಸ ಮಾಡದ ಹಾಗೆ ಅಲ್ಲಿ ಒಂದು ತೊಟ್ಟು ಔಷಧಿ ಬಿಟ್ಟರೆ ಪೀಪಾಯಿಯ ಕೋಶಗಳು ಪಕ್ಕದ ಮೀಸೆಗಳಿಗೂ ಜೋರಾಗಿ ಮಿಡಿಯತೊಡಗುತ್ತವೆ. ನಕ್ಷೆಯ ಗೆರೆಗಳು ಕಲಸಿಹೋಗುತ್ತವೆ. ಗದ್ದೆಯಿಂದ ಗದ್ದೆಗೆ ಬದು ಹಾಕಿದವರು ಯಾರು ಅಂದರೆ, ಬಹುಪಾಲು ಇವರೇ.

ತಡೆಯೋದು ಅಂದರೆ ಸುಮ್ನೆ ಕಡಿಮೆ ಮಾಡೋದು ತಾನೆ?

ಹೆಚ್ಚಿನವರು ಹಾಗೇ ಅಂದುಕೊಂಡಿರುತ್ತಾರೆ. ಕೋಲಾಟ ನೆನಪಿಸಿಕೊಳ್ಳಿ. ಕೋಲಿಗೆ ಕೋಲು ತಾಗಿದ ಕೂಡಲೇ ಹಿಂದಕ್ಕೆ ಬರಬೇಕು. ತಾಗಿದಲ್ಲೇ ನಿಂತರೆ ಮುಂದಿನ ಪೆಟ್ಟು ತಪ್ಪಿತು ಅಂತಲೇ ಲೆಕ್ಕ.

ಮೀಸೆಯ ಸುದ್ದಿ ಥಲಾಮಸ್ ದಾಟಿ ಕಾರ್ಟೆಕ್ಸ್‌ಗೆ ಬಂದಾಗ ಅದು ಕೆರಳಿಸುವ ಕೋಶಗಳನ್ನೂ ಮುಟ್ಟುತ್ತದೆ, ತಡೆಯುವ ಕೋಶಗಳನ್ನೂ ಮುಟ್ಟುತ್ತದೆ. ಒಂದೇ ಸುದ್ದಿ ಇಬ್ಬರಿಗೂ ಹೋಗುತ್ತದೆ. ತಡೆಯುವ ಕೋಶ ಬಹಳ ಚುರುಕು. ಅದು ಮಿಡಿದು ಕೆರಳಿಸುವ ಕೋಶವನ್ನು ತಡೆಯುವಷ್ಟರಲ್ಲಿ ಒಂದೆರಡು ಮಿಲಿಸೆಕೆಂಡು ಕಳೆದಿರುತ್ತದೆ. ಕೆರಳಿಸುವ ಕೋಶಕ್ಕೆ ಮಿಡಿಯೋಕೆ ಸಿಗುವ ಅವಕಾಶ ಆ ಸಣ್ಣ ಕಿಂಡಿಯಷ್ಟೇ. ಒಟ್ಟಿಗೆ ಬಂದ ಸುದ್ದಿಗಳು ಆ ಕಿಂಡಿಯಲ್ಲಿ ದಾಟುತ್ತವೆ. ತಡವಾಗಿ ಚದುರಿ ಬಂದವು ಹೊರಗೇ ಉಳಿಯುತ್ತವೆ. ಹಾಗಾಗಿ ಮಿಡಿತಕ್ಕೆ ತಾಳ ಬರುತ್ತದೆ.

ಶಬ್ದದ ವಿಷಯದಲ್ಲೂ ಹೀಗೇ. 2003ರಲ್ಲಿ ಮೈಕಲ್ ವೇರ್ ಮತ್ತು ಆಂಟನಿ ಝೇಡರ್ ಇಲಿಯ ಶ್ರವಣ ಕಾರ್ಟೆಕ್ಸ್‌ನಲ್ಲಿ ಅಳತೆ ಮಾಡಿದರು. ಒಂದು ಸ್ವರ ಕೇಳಿಸಿದಾಗ ಕೆರಳಿಕೆ ಬಂತು. ಅದರ ಬೆನ್ನಿಗೇ, 1ರಿಂದ 4 ಮಿಲಿಸೆಕೆಂಡಿನೊಳಗೆ, ತಡೆ ಬಂತು. ಎರಡೂ ಒಂದೇ ಸ್ವರಕ್ಕೆ ಹೊಂದಿಕೊಂಡಿದ್ದವು. ಈ ಲೆಕ್ಕ ಓದಿದ ದಿನ ನಾನು ತಬಲಾ ಕೇಳುವ ರೀತಿಯೇ ಬದಲಾಯಿತು. ಒಂದು ಬೋಲ್ ಇನ್ನೊಂದರಿಂದ ಬಿಡಿಯಾಗಿ ಕೇಳಿಸಬೇಕಾದರೆ ಮೊದಲನೆಯದು ಮೆದುಳಿನಲ್ಲಿ ಬೇಗ ಮುಗಿಯಬೇಕು.

ಎಷ್ಟು ಬಗೆಯ ತಡೆಯುವ ಕೋಶಗಳಿವೆ?

ಮುಖ್ಯವಾಗಿ ಮೂರು ಗುಂಪು. ಒಳಗೆ ಇರುವ ಪ್ರೋಟೀನಿನ ಮೇಲೆ ಹೆಸರು.

ಮೊದಲನೆಯದು ಪಾರ್ವಾಲ್ಬುಮಿನ್ ಕೋಶ, ಚಿಕ್ಕದಾಗಿ ಪಿವಿ. ತಡೆಯುವ ಕೋಶಗಳಲ್ಲಿ ನೂರಕ್ಕೆ ಸುಮಾರು 40 ಇವು. ಸೆಕೆಂಡಿಗೆ 200ಕ್ಕೂ ಜಾಸ್ತಿ ಸಲ ಮಿಡಿಯಬಲ್ಲವು. ಕೆರಳಿಸುವ ಕೋಶದ ಮೈಗೇ, ಮಿಡಿತ ಹುಟ್ಟುವ ಜಾಗದ ಹತ್ತಿರವೇ, ಬುಟ್ಟಿಯ ಹಾಗೆ ಸುತ್ತಿಕೊಂಡಿರುತ್ತವೆ. ಮೇಲೆ ಹೇಳಿದ ಕಿಂಡಿ ಮುಚ್ಚುವ ಕೆಲಸ ಇವುಗಳದೇ.

ಎರಡನೆಯದು ಸೊಮ್ಯಾಟೊಸ್ಟ್ಯಾಟಿನ್ ಕೋಶ, ಎಸ್‌ಎಸ್‌ಟಿ. ಇವು ಕೋಶದ ಮೈ ಬಿಟ್ಟು ಕೊಂಬೆಗಳನ್ನು ಹಿಡಿಯುತ್ತವೆ. ಸುದ್ದಿ ಒಳಗೆ ಬರುವ ದಾರಿಯಲ್ಲೇ ತಡೆ. ಇವುಗಳ ಗುಣವೇ ಬೇರೆ. ಒಂದು ಸಲ ತಟ್ಟಿದರೆ ಏಳುವುದಿಲ್ಲ. ಮತ್ತೆ ಮತ್ತೆ ತಟ್ಟಿದರೆ ನಿಧಾನಕ್ಕೆ ಎದ್ದು ಕೆಲಸಕ್ಕೆ ಇಳಿಯುತ್ತವೆ. ಪಿವಿ ಮೊದಲ ನೀರಿಗೇ ತೂಬಿಗೆ ಓಡುವವನು. ಎಸ್‌ಎಸ್‌ಟಿ ನೀರು ನಿಲ್ಲದೆ ಹರಿಯುತ್ತಿದೆ ಅಂತ ಖಾತ್ರಿ ಆದ ಮೇಲೆ ಬರುವವನು.

ಮೂರನೆಯ ಗುಂಪಿನಲ್ಲಿ ಹೆಸರುವಾಸಿ ವಿಐಪಿ ಕೋಶ. ಗಣ್ಯವ್ಯಕ್ತಿಗೂ ಇದಕ್ಕೂ ಸಂಬಂಧ ಇಲ್ಲ. ಮೊದಲು ಕರುಳಿನಲ್ಲಿ ಸಿಕ್ಕ ಒಂದು ಪೆಪ್ಟೈಡ್‌ನ ಹೆಸರಿನ ಮೊದಲಕ್ಷರಗಳು ಅವು.

ವಿಐಪಿ ಕೋಶ ತಡೆಯುವವನನ್ನೇ ತಡೆಯುತ್ತದೆ ಅಂತಾರೆ. ಅದು ಯಾಕೆ?

ನೀರುಗಂಟಿಗೂ ಮೇಲೊಬ್ಬ ಇರುತ್ತಾನಲ್ಲ. 'ಈಗ ತೂಬು ಬಿಡಪ್ಪ' ಅನ್ನುವವನು. ವಿಐಪಿ ಕೋಶಗಳು ಹೆಚ್ಚಾಗಿ ಎಸ್‌ಎಸ್‌ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಆಗ ಕೆರಳಿಸುವ ಕೋಶದ ಮೇಲಿದ್ದ ಕೈ ಸಡಿಲವಾಗುತ್ತದೆ. 2013ರಲ್ಲಿ ಹಲವು ಪ್ರಯೋಗಶಾಲೆಗಳು ಬೇರೆ ಬೇರೆ ದಾರಿಯಲ್ಲಿ ಇದನ್ನೇ ಕಂಡವು.

ಕಣ್ಣಿಗೆ ಕಟ್ಟುವ ಉದಾಹರಣೆ ಓಡುವ ಇಲಿಯದು. 2010ರಲ್ಲಿ ಕ್ರಿಸ್ಟೋಫರ್ ನೀಲ್ ಮತ್ತು ಮೈಕಲ್ ಸ್ಟ್ರೈಕರ್ ಚಿಟ್ಟಿಲಿಯನ್ನು ಉರುಳುವ ಚೆಂಡಿನ ಮೇಲೆ ನಿಲ್ಲಿಸಿ ಎದುರಿಗೆ ಚಿತ್ರ ತೋರಿಸಿದರು. ನಿಂತಿದ್ದಾಗಕ್ಕಿಂತ ಓಡುವಾಗ ದೃಷ್ಟಿ ಕಾರ್ಟೆಕ್ಸ್ ಬಹಳ ಜೋರಾಗಿ ಮಿಡಿಯಿತು. ಚಿತ್ರ ಅದೇ, ಕಣ್ಣೂ ಅದೇ. ಓಡುವಾಗ ಎದ್ದು ಕೂರುವುದು ವಿಐಪಿ ಕೋಶಗಳು ಎಂದು 2014ರಲ್ಲಿ ತಿಳಿಯಿತು. ಮೆದುಳಿನ ಬುಡದಿಂದ ಬರುವ ಅಸಿಟೈಲ್ಕೋಲಿನ್ ಎಂಬ ರಾಸಾಯನಿಕ ಅವನ್ನು ಎಬ್ಬಿಸುತ್ತದೆ. ಕಣ್ಣಿಗೆ ಬಿದ್ದದ್ದು ಎಷ್ಟು ಒಳಗೆ ಹೋಗಬೇಕು ಅನ್ನುವುದನ್ನು ಇಲಿ ಆ ಹೊತ್ತಿನಲ್ಲಿ ಏನು ಮಾಡುತ್ತಿದೆ ಅನ್ನುವುದೂ ತೀರ್ಮಾನಿಸುತ್ತದೆ.

ದಸರಾ ಆನೆಗಳಿಗೆ ಕುಶಾಲತೋಪಿನ ಶಬ್ದ ಅಭ್ಯಾಸ ಮಾಡಿಸುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮೈಸೂರಿನ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಜಂಬೂಸವಾರಿಗೆ ಮೊದಲು ಆನೆ, ಕುದುರೆಗಳ ಹತ್ತಿರ ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಮೊದಲ ಸಲ ಕೆಲವು ಬೆಚ್ಚಿ ಹಿಂದೆ ಸರಿಯುತ್ತವೆ. ದಿನ ಕಳೆದ ಹಾಗೆ ಸುಮ್ಮನೆ ನಿಲ್ಲುತ್ತವೆ. ಅವುಗಳ ಕಿವಿ ಮಂದವಾಗಿಲ್ಲ. ಮಾವುತ ಮೆಲ್ಲಗೆ ಕರೆದರೂ ಕೇಳಿಸುತ್ತದೆ.

ಆನೆಯ ಮೆದುಳಿನೊಳಗೆ ಎಲೆಕ್ಟ್ರೋಡ್ ಇಡುವ ಹಾಗಿಲ್ಲ. ಆದರೆ ಚಿಟ್ಟಿಲಿಯಲ್ಲಿ ಇದಕ್ಕೆ ಹತ್ತಿರದ ಪ್ರಯೋಗ 2015ರಲ್ಲಿ ನಡೆಯಿತು. ಅವಕ್ಕೆ ದಿನವೂ ಅದೇ ಸ್ವರ ಕೇಳಿಸಿದರು. ಅದರಿಂದ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಕೆಲವು ದಿನಗಳಲ್ಲಿ ಶ್ರವಣ ಕಾರ್ಟೆಕ್ಸ್‌ನ ಕೆರಳಿಸುವ ಕೋಶಗಳು ಆ ಸ್ವರಕ್ಕೆ ಕಡಿಮೆ ಮಿಡಿಯತೊಡಗಿದವು. ಅದೇ ಹೊತ್ತಿಗೆ ಎಸ್‌ಎಸ್‌ಟಿ ಕೋಶಗಳು ಜಾಸ್ತಿ ಮಿಡಿಯತೊಡಗಿದವು. ಆಮೇಲೆ ಅದೇ ಸ್ವರವನ್ನು ಬಹುಮಾನಕ್ಕೆ ಕಟ್ಟಿದಾಗ ಎಸ್‌ಎಸ್‌ಟಿಯ ಹಿಡಿತ ಸಡಿಲವಾಯಿತು. ಬೇಡವಾದದ್ದನ್ನು ತಳ್ಳಿಡುವುದೂ ಬೇಕಾದಾಗ ಮತ್ತೆ ತೆಗೆದುಕೊಳ್ಳುವುದೂ ಕಾರ್ಟೆಕ್ಸ್‌ನ ಕೆಲಸವೇ.

ರಸ್ತೆ ಪಕ್ಕದ ಮನೆಯಲ್ಲಿ ಬಸ್ಸಿನ ಸದ್ದಿಗೆ ಎಚ್ಚರವಾಗದ ತಾಯಿ ಮಗು ಮುಲುಗಿದರೆ ಏಳುತ್ತಾಳಲ್ಲ, ಆ ಹುಡುಗಿಗೆ ನಾನು ಅದನ್ನೂ ಹೇಳಿದೆ.

ವಯಸ್ಸಾದವರು 'ಕೇಳಿಸುತ್ತೆ, ಆದ್ರೆ ಅರ್ಥ ಆಗಲ್ಲ' ಅಂತಾರೆ. ಯಾಕೆ?

ನಮ್ಮ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆ ಕಡೆ ಓದುವ ಮಕ್ಕಳು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಕಾರಣಗಳು ಹಲವು. ಒಳಗಿವಿಯ ಕೂದಲು ಕೋಶಗಳು ಸವೆಯುವುದು ದೊಡ್ಡ ಕಾರಣ. ಅದರ ಜೊತೆಗೆ, ವಯಸ್ಸಾದ ಇಲಿಗಳಲ್ಲಿ ಕಿವಿಯಿಂದ ಕಾರ್ಟೆಕ್ಸ್‌ವರೆಗಿನ ದಾರಿಯಲ್ಲಿ ಗಾಬಾ ಕಡಿಮೆಯಾಗುವುದನ್ನು ಅಳೆದಿದ್ದಾರೆ. ತಡೆ ತಗ್ಗಿದರೆ ಸದ್ದು ಕಡಿಮೆ ಆಗುವುದಿಲ್ಲ, ಸದ್ದುಗಳು ಒಂದರ ಮೇಲೊಂದು ಬೀಳುತ್ತವೆ. ಅಜ್ಜನ ಹತ್ತಿರ ಕೂಗಬೇಡಿ. ಎದುರಿಗೆ ಕೂತು, ಟಿವಿ ಆರಿಸಿ, ನಿಧಾನಕ್ಕೆ ಬಿಡಿಸಿ ಮಾತಾಡಿ. ಒಮ್ಮೆ ಶ್ರವಣ ಪರೀಕ್ಷೆಯನ್ನೂ ಮಾಡಿಸಿ.

ಯಾವ ಕೋಶ ಏನು ಮಾಡುತ್ತೆ ಅಂತ ಹೇಗೆ ಗೊತ್ತಾಗುತ್ತೆ?

ಪಾಚಿಯಿಂದ! ಕೆರೆಗಳಲ್ಲಿ, ಒದ್ದೆ ಮಣ್ಣಿನಲ್ಲಿ ಬೆಳೆಯುವ ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿ ಬೆಳಕಿನ ಕಡೆ ಈಜುತ್ತದೆ. ಅದಕ್ಕೆ ನೆರವಾಗುವ ಪ್ರೋಟೀನು ಬೆಳಕು ಬಿದ್ದಾಗ ತೆರೆಯುವ ಬಾಗಿಲು. ಆ ಪ್ರೋಟೀನಿನ ಜೀನನ್ನು ನರಕೋಶಕ್ಕೆ ಸೇರಿಸಿದರೆ ನೀಲಿ ಬೆಳಕಿಗೆ ಅದು ಮಿಡಿಯುತ್ತದೆ ಎಂದು 2005ರಲ್ಲಿ ತೋರಿಸಿದರು. ಪಿವಿ ಕೋಶಗಳಿಗೆ ಮಾತ್ರ, ಇಲ್ಲವೇ ಎಸ್‌ಎಸ್‌ಟಿಗೆ ಮಾತ್ರ ಆ ಜೀನ್ ಸೇರುವ ಹಾಗೆ ಮಾಡಿದ ಇಲಿ ತಳಿಗಳಿವೆ. ಬೆಳಕು ಹಾಕಿ ಒಂದೇ ಬಗೆಯನ್ನು ಎಬ್ಬಿಸಬಹುದು, ಬೇರೆ ಪ್ರೋಟೀನು ಬಳಸಿ ಮಲಗಿಸಲೂಬಹುದು.

ಇಷ್ಟಾದರೂ ಉತ್ತರ ಸಲೀಸಾಗಿ ಸಿಗುವುದಿಲ್ಲ. 2012ರಲ್ಲಿ ಪಿವಿ ಕೋಶಗಳನ್ನು ಎಬ್ಬಿಸಿದಾಗ ದೃಷ್ಟಿ ಕೋಶಗಳ ಆಯ್ಕೆ ಇನ್ನೂ ಹರಿತವಾಯಿತು ಎಂದು ಒಂದು ಗುಂಪು ಬರೆಯಿತು. ಹರಿತವಾಗಲಿಲ್ಲ, ಮಿಡಿತದ ಪ್ರಮಾಣ ಮಾತ್ರ ತಗ್ಗಿತು ಎಂದು ಬೇರೆ ಗುಂಪುಗಳು ಅದೇ ವರ್ಷ ಬರೆದವು. ಬೆಳಕು ಎಷ್ಟು ಹೊತ್ತು, ಎಷ್ಟು ಜೋರು ಹಾಕಿದರು ಅನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ ಅಂತ ಚರ್ಚೆಯಲ್ಲಿ ಹೊರಬಂತು. ಈ ಜಗಳವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ವಿಜ್ಞಾನ ನಡೆಯುವುದು ಹೀಗೇ ಅಂತ ಮಕ್ಕಳಿಗೆ ಗೊತ್ತಿರಬೇಕು.

ಮರಿ ಇಲಿಯಲ್ಲೂ ಇವು ಹೀಗೇ ಇರುತ್ತವಾ?

ಇಲ್ಲ. ಎಳೆಯ ನರಕೋಶದೊಳಗೆ ಕ್ಲೋರೈಡ್ ಮೊದಲೇ ಜಾಸ್ತಿ ಇರುತ್ತದೆ. ಗಾಬಾ ಬಾಗಿಲು ತೆರೆದರೆ ಅದು ಹೊರಗೆ ಹೋಗುತ್ತದೆ. ಹಾಗಾಗಿ ಆಗ ಗಾಬಾ ಕೋಶವನ್ನು ತಣಿಸುವ ಬದಲು ಕೆರಳಿಸುವ ಕಡೆಗೇ ಎಳೆಯಬಲ್ಲದು. ಬೆಳೆದ ಹಾಗೆ ಕ್ಲೋರೈಡ್ ಹೊರಹಾಕುವ ಪಂಪು ಬಂದು ಲೆಕ್ಕ ತಿರುಗುತ್ತದೆ.

ಇನ್ನೊಂದು ವಿಷಯ. ಈ ಕೋಶಗಳು ಹುಟ್ಟುವುದು ಕಾರ್ಟೆಕ್ಸ್‌ನಲ್ಲಲ್ಲ. ಮೆದುಳಿನ ಕೆಳಭಾಗದಲ್ಲಿ ಹುಟ್ಟಿ, ಉದ್ದಕ್ಕೂ ನಡೆದುಕೊಂಡು ಬಂದು ಮೇಲೆ ನೆಲೆಸುತ್ತವೆ.

ಅವು ಬಲಿಯುವ ಹೊತ್ತಿಗೂ ಬೆಲೆ ಇದೆ. ಚಿಟ್ಟಿಲಿಗೆ ಸುಮಾರು ನಾಲ್ಕು ವಾರ ಆದಾಗ ಒಂದು ಕಣ್ಣು ಕೆಲ ದಿನ ಮುಚ್ಚಿದರೆ ಕಾರ್ಟೆಕ್ಸ್ ತೆರೆದ ಕಣ್ಣಿನ ಕಡೆ ವಾಲುತ್ತದೆ. ಗಾಬಾ ತಯಾರಿ ಕಡಿಮೆ ಇರುವ ಇಲಿಗಳಲ್ಲಿ ಈ ಕಲಿಕೆಯ ಕಾಲ ಶುರುವೇ ಆಗುವುದಿಲ್ಲ ಎಂದು 1998ರಲ್ಲಿ ತಕಾವೊ ಹೆನ್ಶ್ ಮತ್ತು ಜೊತೆಗಾರರು ತೋರಿಸಿದರು. ಗಾಬಾ ಪರಿಣಾಮ ಹೆಚ್ಚಿಸುವ ಡಯಾಜೆಪಾಮ್ ಕೊಟ್ಟಾಗ ಶುರುವಾಯಿತು. ಕಲಿಯುವುದಕ್ಕೂ ತಡೆ ಬೇಕು!

ಫಿಟ್ಸ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಫಿಟ್ಸ್‌ನಲ್ಲಿ ಬಹಳಷ್ಟು ಕೋಶಗಳು ಹಿಡಿತ ತಪ್ಪಿ ಒಟ್ಟಿಗೆ ಮಿಡಿಯುತ್ತವೆ. ಡ್ರಾವೆ ಸಿಂಡ್ರೋಮ್ ಎಂಬ ಮಕ್ಕಳ ಫಿಟ್ಸ್‌ನಲ್ಲಿ ಸೋಡಿಯಂ ಬಾಗಿಲಿನ ಒಂದು ಜೀನ್ ಕೆಟ್ಟಿರುತ್ತದೆ. ಅದೇ ದೋಷ ಇರುವ ಇಲಿಗಳಲ್ಲಿ ನೋಡಿದಾಗ ಹೆಚ್ಚು ಬಳಲಿದ್ದು ತಡೆಯುವ ಕೋಶಗಳು. ಅಂದರೆ ನೀರುಗಂಟಿಗೇ ಕಾಯಿಲೆ. ಆಸ್ಪತ್ರೆಯಲ್ಲಿ ಫಿಟ್ಸ್ ನಿಲ್ಲಿಸಲು ಕೊಡುವ ಲೊರಾಜೆಪಾಮ್, ಮಿಡಾಜೋಲಾಮ್ ಎಲ್ಲ ಗಾಬಾದ ಕೆಲಸಕ್ಕೆ ಬಲ ಕೊಡುವ ಔಷಧಿಗಳು.

ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ಏನೂ ತುರುಕಬೇಡಿ. ಒಂದು ಬದಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ನಮ್ಮ ಪಕ್ಕದ ಬೀದಿಯಲ್ಲೇ ಒಂದು ಮಗುವಿನ ಹಲ್ಲಿನ ನಡುವೆ ಚಮಚ ತುರುಕಿದ್ದನ್ನು ಕಂಡಿದ್ದೇನೆ. ಹಲ್ಲು ಮುರಿಯಿತು. ದಯವಿಟ್ಟು ಹಾಗೆ ಮಾಡಬೇಡಿ.

ಮೊಳಕೆ ಅಕ್ಕಿಯಲ್ಲಿ ಗಾಬಾ ಇರುತ್ತಂತೆ. ತಿಂದರೆ ಮೆದುಳಿಗೆ ಹೋಗುತ್ತಾ?

ಪಾಲಿಶ್ ಮಾಡದ ಅಕ್ಕಿಯನ್ನು ಮೊಳಕೆ ಬರಿಸಿದರೆ ಗಾಬಾ ಹೆಚ್ಚುವುದು ನಿಜ. ಆದರೆ ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಗೋಡೆ ಇದೆ. ಗಾಬಾ ಅದನ್ನು ಸುಲಭವಾಗಿ ದಾಟುವುದಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಅಕ್ಕಿ ರುಚಿಗೆ, ಹೊಟ್ಟೆಗೆ ತಿನ್ನಿ.

ಇಲಿಗಳಿಗೆ ನೋವಾಗಲ್ವಾ?

ಕೇಳಲೇಬೇಕಾದ ಪ್ರಶ್ನೆ. ಶಸ್ತ್ರಚಿಕಿತ್ಸೆ ಅರಿವಳಿಕೆಯಲ್ಲಿ ನಡೆಯುತ್ತದೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ನಿಯಮಗಳಿವೆ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಪ್ರಯೋಗ ಮಾಡುವಂತಿಲ್ಲ. ಆದರೂ ಪ್ರಾಣ ಹೋಗುತ್ತದೆ. ಅದನ್ನು ಮುಚ್ಚಿಟ್ಟು ಪಾಠ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಈ ಪುಟದಲ್ಲಿರುವ ಒಂದೊಂದು ಸಾಲಿನ ಹಿಂದೆಯೂ ಆ ಜೀವಗಳಿವೆ.

ಮುಂದೆ ಇದನ್ನು ಓದಬೇಕು ಅಂದರೆ?

ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ಗಣಿತ ಬಿಡಬೇಡಿ. ಈಗ ಈ ಕ್ಷೇತ್ರ ಅರ್ಧ ಲೆಕ್ಕದ್ದೇ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ನಿಮ್ಹಾನ್ಸ್ ಇವೆ. ಮೈಸೂರಿನಿಂದ ರೈಲು ಹತ್ತಿದರೆ ಎರಡು ಮೂರು ಗಂಟೆ.

ಮನೆಯಲ್ಲೇ ನೋಡಬಹುದಾದ್ದು ಏನಾದರೂ ಇದೆಯಾ?

ಇದೆ, ಇಲಿ ಬೇಡ. ಪೇಂಟ್ ಅಂಗಡಿಯಿಂದ ಬೂದು ಬಣ್ಣದ ಶೇಡ್ ಕಾರ್ಡ್ ತನ್ನಿ. ತಿಳಿಯಿಂದ ಗಾಢಕ್ಕೆ ಪಟ್ಟಿಗಳನ್ನು ಕತ್ತರಿಸಿ, ನಡುವೆ ಸಂದಿ ಇಲ್ಲದೆ ಒತ್ತಾಗಿ ಜೋಡಿಸಿ. ಒಂದೊಂದು ಪಟ್ಟಿಯೂ ಗಾಢ ಪಟ್ಟಿಯ ಪಕ್ಕದ ಅಂಚಿನಲ್ಲಿ ತಿಳಿಯಾಗಿ, ತಿಳಿ ಪಟ್ಟಿಯ ಪಕ್ಕದ ಅಂಚಿನಲ್ಲಿ ಗಾಢವಾಗಿ ಕಾಣುತ್ತದೆ. ಬಣ್ಣ ಎಲ್ಲ ಕಡೆ ಒಂದೇ. ಪಕ್ಕದ ಪಟ್ಟಿಗಳನ್ನು ಬಿಳಿ ಕಾಗದದಿಂದ ಮುಚ್ಚಿ ನೋಡಿದರೆ ಆ ವ್ಯತ್ಯಾಸ ಮಾಯ.

ಇದಕ್ಕೊಂದು ಕಾರಣ, ನರಕೋಶಗಳು ತಮ್ಮ ಅಕ್ಕಪಕ್ಕದವರನ್ನು ಅದುಮುವುದು. ಅದು ಕಣ್ಣಿನ ಅಕ್ಷಿಪಟಲದಲ್ಲೇ ಶುರುವಾಗುತ್ತದೆ. ಕುದುರೆಲಾಳದ ಏಡಿಯ ಕಣ್ಣಿನಲ್ಲಿ ಇದನ್ನು ಕಂಡ ಹಾಲ್ಡನ್ ಹಾರ್ಟ್‌ಲೈನ್ ಅವರಿಗೆ 1967ರಲ್ಲಿ ನೊಬೆಲ್ ಬಂತು. ಪಟ್ಟಿಗಳನ್ನು ಮಧ್ಯಾಹ್ನದ ಬೆಳಕಿನಲ್ಲಿ, ಕಿಟಕಿ ಪಕ್ಕ ಇಟ್ಟು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ ಕಾಗದ ಮಿನುಗಿ ಅಂಚು ಸರಿಯಾಗಿ ಕಾಣಿಸದೆ ಹೋಗಬಹುದು.